ಸೆರಗು ಸವರುವ ಫೋನು

ಫೋನಿನಲ್ಲಿ ಇಳಕಲ್ ಸೀರೆ ಕಂಡರೆ ಸಾಕು, ನನ್ನಾಕೆ ಹೆಬ್ಬೆರಳು-ತೋರುಬೆರಳು ಸೇರಿಸಿ ಗಾಜಿನ ಮೇಲೆಯೇ ಸೆರಗು ಉಜ್ಜುತ್ತಾಳೆ. ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಸೆರಗು ಅಸಲಿ ರೇಷ್ಮೆಯೋ ಆರ್ಟ್ ಸಿಲ್ಕೋ ಎಂಬುದು ಮಾತ್ರ ಪಾರ್ಸಲ್ ಬಿಚ್ಚಿದ ಮೇಲೇ ಗೊತ್ತಾಗುವುದು. "ರೀ, ಮುಟ್ಟಿದ್ರೆ ಬಟ್ಟೆ ಗೊತ್ತಾಗೋ ಫೋನ್ ಬರಲ್ವಾ?" ಎಂದಳು. ಫೋನಲ್ಲದಿದ್ದರೂ ಅಂಥ ಪರದೆ ಇದೆ ಮಾರಾಯ್ತಿ! 2010ರಲ್ಲೇ ಡಿಸ್ನಿಯ ಸಂಶೋಧಕರು ಟೆಸ್ಲಾಟಚ್ ಎಂಬ ಪರದೆ ತೋರಿಸಿದ್ದರು. ಏರಿಳಿಯುವ ವೋಲ್ಟೇಜು ಜಾರುವ ಬೆರಳನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ನುಣುಪು ಗಾಜೇ ತರಿತರಿ ಎನಿಸುತ್ತದೆ. 2014ರಲ್ಲಿ ಫುಜಿತ್ಸು ಕಂಪನಿ ಶ್ರವಣಾತೀತ ಕಂಪನದಿಂದ ಟ್ಯಾಬ್ಲೆಟ್ಟಿನ ಮೇಲೆ ಮೊಸಳೆಯ ಚರ್ಮವನ್ನೇ ಸವರಿಸಿತು. ಸೀರೆ ಕೇಳಿದವರಿಗೆ ಮೊಸಳೆ!

ಕಣ್ಣು ಕಾಣದವರಿಗೆ ನಕ್ಷೆ, ಚಿತ್ರಗಳನ್ನು ಬೆರಳಿಗೇ ತಿಳಿಸಲು ಇದು ಒದಗೀತು. ಅದು ದೊಡ್ಡ ಮಾತು. ನನ್ನ ಚಿಂತೆ ಸಣ್ಣದು. ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಳ್ಳದ ಈಕೆಯ ಕೈಗೆ ಅಂಥ ಫೋನು ಸಿಕ್ಕರೆ ಪರದೆಯ ಗತಿ? ಆದರೂ ಸೀರೆ ಅಂಗಡಿಯ ಸ್ಟೂಲಿನ ಮೇಲೆ ಚೀಲ ತಬ್ಬಿಕೊಂಡು ತೂಕಡಿಸುವ ಗಂಡಸರ ಪರವಾಗಿ ವಿಜ್ಞಾನಿಗಳಲ್ಲಿ ಒಂದು ಅರಿಕೆ: ಗಾಜು ಸ್ವಲ್ಪ ಗಟ್ಟಿಯದೇ ಹಾಕಿ, ಆದರೆ ಬೇಗ ಮಾರುಕಟ್ಟೆಗೆ ಬಿಡಿ.