ಹಸಿರಿನ ನಡುವೆ ನೀಲಿ

ಮಲೆನಾಡಿನವರಿಗೆ ಸಿಡಿಲಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಈ ಸಲ ಅದು ನಮ್ಮ ಕಂಪ್ಯೂಟರಿನ ಲ್ಯಾನ್ ಪೋರ್ಟನ್ನಷ್ಟೇ ಹುಡುಕಿ ಸುಟ್ಟಿತು. ನೋಡಲು ಬಂದ ಹುಡುಗ ಕ್ಯಾಬಿನೆಟ್ಟಿನ ಮುಚ್ಚಳವನ್ನೂ ತೆಗೆಯದೆ "ಬೋರ್ಡೇ ಚೇಂಜ್ ಮಾಡ್ಬೇಕು ಸಾರ್" ಅಂದ. ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಖಾಲಿ ಬಿದ್ದಿದೆ, ಕೆಲವು ನೂರು ರೂಪಾಯಿಗೆ ಲ್ಯಾನ್ ಕಾರ್ಡು ಸಿಗುತ್ತದೆ. ಇವರ ಬಾಯಲ್ಲಿ ಮಾತ್ರ 'ರಿಪೇರಿ' ಎಂಬುದೇ ಬರುವುದಿಲ್ಲ. ಆ ಸಿಟ್ಟಿಗೇ ಶಿವಮೊಗ್ಗದ ಬಸ್ಸು ಹತ್ತಿ ಕಾರ್ಡು, ಕೇಬಲ್ಲು, ಒಂದು ಹಿಡಿ ಆರ್‌ಜೆ-45 ಕನೆಕ್ಟರು ತಂದೆ. ಕ್ರಿಂಪಿಂಗ್ ಟೂಲನ್ನೂ ತಂದೆ.

"ರೆಡಿಮೇಡ್ ವೈರೇ ಸಿಗ್ತದಲ್ರೀ?" ಎಂದಳು ಹೆಂಡತಿ.

ಸಿಗುತ್ತದೆ. ಆದರೆ ಕೈಯಲ್ಲಿ ಕ್ರಿಂಪಿಂಗ್ ಟೂಲು ಇರುವವನಿಗೆ ಅಂಥ ಮಾತು ಕೇಳಿಸುವುದಿಲ್ಲ.

ಪ್ಲಗ್ಗು ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ಹಲ್ಲಿ ಮೊಟ್ಟೆಯ ಸಿಪ್ಪೆ ಊದಿ, ಕಾರ್ಡು ಒತ್ತಿ ಸ್ಕ್ರೂ ಬಿಗಿದದ್ದಾಯಿತು. ಉಳಿದದ್ದು ವೈರಿನ ತುದಿ.

ಒಳಗೆ 8 ತಂತಿ, 4 ಜೋಡಿ. ಒಂದು ಬಣ್ಣದ್ದು, ಇನ್ನೊಂದು ಅದೇ ಬಣ್ಣದ ಪಟ್ಟೆಯ ಬಿಳಿಯದು. ಗಂಡಹೆಂಡಿರು ಒಬ್ಬರನ್ನೊಬ್ಬರು ಹೊಸೆದುಕೊಂಡೇ ಇರಬೇಕು, ಆಗಲೇ ಹೊರಗಿನ ಗಲಾಟೆ ತಟ್ಟುವುದಿಲ್ಲ. ಕನೆಕ್ಟರಿನೊಳಗೆ ಅರ್ಧ ಇಂಚು ಮಾತ್ರ ಬಿಡಿಸಿ ಪಂಕ್ತಿಗೆ ಕೂರಿಸಬೇಕು. ಮೊದಲು ಕೇಸರಿ ದಂಪತಿ. ಆಮೇಲೆ ಬಿಳಿಹಸಿರಮ್ಮ. ಪಕ್ಕದ ಎಲೆಗೆ ಅವಳ ಗಂಡ ತಾನೆ? ಅಲ್ಲ! ನೀಲಿ ದಂಪತಿ ಬಂದು ಅಲ್ಲೇ ಪಟ್ಟಾಗಿ ಕೂರುತ್ತಾರೆ. ಹಸಿರಪ್ಪ ಅವರಾಚೆಯಿಂದ ಹೆಂಡತಿಯ ಕಡೆ ಕತ್ತು ಚಾಚಬೇಕು. ಕೊನೆಗೆ ಕಂದು. ಮೋಜೆಂದರೆ, ನನ್ನ ಮೋಡೆಮ್ಮಿನಂಥ 100 ಎಂಬಿಪಿಎಸ್ ಪೋರ್ಟಿನಲ್ಲಿ ದುಡಿಯುವುದು ಕೇಸರಿ, ಹಸಿರು ಎರಡೇ. ನಡುಮಧ್ಯೆ ಕೂತ ನೀಲಿಯವರದ್ದು ಬರೀ ಊಟ. ಗಿಗಾಬಿಟ್ಟಾದರೆ ಅವರೂ ಏಳಬೇಕಿತ್ತು.

ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ "ಬಿಳಿಕೇಸರಿ, ಕೇಸರಿ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು..." ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ತುರುಕುತ್ತೇನೆ, ಒಳಗೆ ಹೋಗುವಷ್ಟರಲ್ಲಿ ಯಾರೋ ಎಲೆ ಬದಲಿಸಿರುತ್ತಾರೆ. ಬಲ್ಬಿನ ಬೆಳಕಿಗೆ ಬಿಳಿಕೇಸರಿಗೂ ಬಿಳಿಕಂದಿಗೂ ವ್ಯತ್ಯಾಸವೇ ತಿಳಿಯದೆ ಅಂಗಳಕ್ಕೆ ಓಡಿದೆ. ಮತ್ತೆ ಕತ್ತರಿಸಿ, ಮತ್ತೆ ಸುಲಿದು, ಮತ್ತೆ ಜಪ. ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಪ್ಪಯ್ಯ ಅಷ್ಟೂ ಹೊತ್ತು ಕೇಳುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

"ಮಾಣಿ, ಈ ಸಲ ನೀಲಿ ಬಿಟ್ಟೆ."

ನೀಲಿಗೆ ಆ ಜಾಗ ಬಂದದ್ದು ಟೆಲಿಫೋನಿನಿಂದ. ಫೋನಿನ ಎರಡು ತಂತಿ ಮೊದಲಿನಿಂದಲೂ ನಡುವೆ. ಆಮೇಲೆ ಬಂದವರು ಅವರನ್ನು ಎಬ್ಬಿಸಲಿಲ್ಲ. ನಮ್ಮೂರಿನ ಫೋನ್ ಕಂಬಗಳು ಬಿದ್ದು ಎಷ್ಟೋ ಮಳೆಗಾಲ ಕಳೆಯಿತು. ಫೋನ್ ಸ್ಟ್ಯಾಂಡಿನ ಮೇಲಿನ ಗೋಡೆಯಲ್ಲಿ ಅಮ್ಮ ಪೆನ್ಸಿಲಿನಲ್ಲಿ ಬರೆದ ನಂಬರುಗಳು ಮಾತ್ರ ಹಾಗೇ ಇವೆ. ಸುಣ್ಣ ಬಳಿಯುವವರಿಗೆ ಅಲ್ಲಿ ಬ್ರಷ್ ಹಚ್ಚಬೇಡಿ ಎಂದಿದ್ದೇನೆ.

ಅಂತೂ ಟೂಲು ಕಟಕ್ ಎಂದಿತು. ವೈರು ಸಿಕ್ಕಿಸಿದೆ, ಕಾರ್ಡಿನ ಹಸಿರು ದೀಪ ಹತ್ತಿತು, ಹಳದಿ ಮಿಟುಕಿತು. ಅಡಿಕೆ ರೇಟು ನೋಡಿದೆ. ಅದರ ವಿಷಯ ಬೇಡ.

ಈ ಕೇಬಲ್ಲನ್ನು 100 ಮೀಟರಿನವರೆಗೆ ಎಳೆಯಬಹುದು. ಕೊಟ್ಟಿಗೆ ಅಷ್ಟು ದೂರವೇನಿಲ್ಲ, ಅಲ್ಲೊಂದು ಕ್ಯಾಮೆರಾ ಹಾಕಿದರೆ ಹೇಗೆ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಬೆಳಗ್ಗೆ ಎದ್ದರೆ ಕ್ರಿಂಪಿಂಗ್ ಟೂಲು ನಾಪತ್ತೆ. ಹೆಂಡತಿಯನ್ನು ಕೇಳಿದರೆ ಅಪ್ಪಯ್ಯನ ಕಡೆ ಕೈ ತೋರಿಸುತ್ತಾಳೆ, ಅಪ್ಪಯ್ಯನ ಬಾಯಿ ತುಂಬ ಕವಳ.