ನನಗಿಂತ ಮುಂಚಿನ ಯಜಮಾನರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಓಹಾಯೋದ ನಿಮ್ಮ ಕೊಟ್ಟಿಗೆಯಿಂದ ಮುನ್ನೂರು ಡಾಲರಿಗೆ ನನಗೆ ದಾಟಿಸಿದಿರಲ್ಲ, ಆ ಕಬ್ ಕೆಡೆಟ್ 100 ಎಂಬ ಗಾರ್ಡನ್ ಟ್ರ್ಯಾಕ್ಟರ್ ಕೊನೆಗೂ ಸ್ಟಾರ್ಟ್ ಆಗಿದೆ. ಕನ್ನಡದಲ್ಲಿ ಬರೆಯುತ್ತಿರುವುದು ನೀವು ಓದಲಾರಿರಿ ಎಂಬ ಧೈರ್ಯದಿಂದ.

"ಹೋದ ವರ್ಷದವರೆಗೂ ಓಡ್ತಿತ್ತು" ಎಂದಿರಿ. ಯಾವ ಶತಮಾನದ ಹೋದ ವರ್ಷ ಎಂದು ನಾನು ಕೇಳಲಿಲ್ಲ, ತಪ್ಪು ನನ್ನದೇ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಈ ಮಾಡೆಲ್ ತಯಾರಿಸಿದ್ದು 1963ರಿಂದ 1965ರವರೆಗೆ. ನನಗಿಂತ ಹಿರಿಯ ಜೀವ, ಮರ್ಯಾದೆಯಿಂದಲೇ ಬಿಚ್ಚಿದೆ. ಫ್ಯಾನಿನ ತಗಡು ತೆಗೆದರೆ ಸಿಲಿಂಡರಿನ ರೆಕ್ಕೆಗಳ ನಡುವೆ ಇಲಿಯ ಬಾಣಂತಿ ಕೋಣೆ: ಹತ್ತಿ, ಹುಲ್ಲು, ಹರಿದ ದಿನಪತ್ರಿಕೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಇಂಜಿನ್ನಿಗೆ ಕಂಬಳಿ ಹೊದಿಸಿದ್ದೀರಿ. ಎಂಥ ವಾತ್ಸಲ್ಯ! ಡ್ರೈವ್ ಶಾಫ್ಟಿನ ಪಿನ್ನಿನ ಜಾಗದಲ್ಲಿ ಮೊಳೆ ಸಿಕ್ಕಿತು. ಅದಕ್ಕೆ ಮಾತ್ರ ನಾನು ಬೈಯಲಾರೆ. ನಮ್ಮೂರಲ್ಲಿ ಗಾಡಿಯ ಕಡಾಣಿ ಬಿದ್ದುಹೋದರೆ ನಾವೂ ಕೈಗೆ ಸಿಕ್ಕಿದ್ದನ್ನೇ ತುರುಕುತ್ತಿದ್ದೆವು.

ಇನ್ನು ಇಂಜಿನ್. ಕೋಲರ್ ಕೆ241, ಹತ್ತು ಹೆಚ್‌ಪಿ, ಒಂದೇ ಸಿಲಿಂಡರ್, ಹತ್ತಿರ ಹತ್ತಿರ 392 ಸಿಸಿ. ನಮ್ಮ ಬುಲೆಟ್ 350ಕ್ಕಿಂತ ದೊಡ್ಡ ಹೊಟ್ಟೆ. ಇದರೊಳಗೆ ಆಯಿಲ್ ಪಂಪ್ ಇಲ್ಲ, ಫಿಲ್ಟರ್ ಇಲ್ಲ. ಕನೆಕ್ಟಿಂಗ್ ರಾಡಿನ ತುದಿಗೆ ಸೌಟಿನಂಥ ಒಂದು ಬಾಲವಿದೆ; ಸುತ್ತು ಸುತ್ತಿಗೂ ಅದು ಕೆಳಗಿನ ಎಣ್ಣೆಯಲ್ಲಿ ಮುಳುಗಿ ಎಲ್ಲೆಡೆಗೂ ಎರಚಬೇಕು. ಪಾತ್ರೆಯಲ್ಲಿ ಸಾರಿದ್ದರೆ ತಾನೇ ಸೌಟು ಬಡಿಸುವುದು? ನಾನು ಬಗ್ಗಿಸಿ ಸೋಸಿದಾಗ ಬಂದದ್ದು ಡಾಂಬರಿನಂಥ ಅರ್ಧ ಲೋಟ. ಪಿಸ್ಟನ್ ಕಚ್ಚಿಕೊಂಡಿತ್ತು. ಅಸಿಟೋನಿಗೆ ಗೇರ್ ಆಯಿಲ್ ಬೆರೆಸಿ ಸಿಲಿಂಡರಿಗೆ ಸುರಿದು ಒಂಬತ್ತು ದಿನ ಕಾದೆ. ಹತ್ತನೆಯ ದಿನ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿದೆ. ಕೂದಲೆಳೆಯಷ್ಟು ಸರಿಯಿತು. ಆ ಕ್ಷಣ ಗ್ಯಾರೇಜಿನಲ್ಲಿ ನಾನು ಕೂಗಿದ್ದನ್ನು ಕೇಳಿ ಹೆಂಡತಿ ಫಸ್ಟ್ ಏಡ್ ಡಬ್ಬಿ ಹಿಡಿದು ಬಂದಳು.

ಒಳಗೆ ರಾಡಿನ ಅಲ್ಯುಮಿನಿಯಂ ಕರಗಿ ಕ್ರ್ಯಾಂಕಿಗೆ ಮೆತ್ತಿಕೊಂಡಿತ್ತು, ದೋಸೆ ಕಾವಲಿಗೆ ಹತ್ತಿಕೊಂಡ ಹಾಗೆ. ರಾಡಿಗೂ ಕ್ರ್ಯಾಂಕಿಗೂ ನಡುವೆ ಬೇರೆ ಬೇರಿಂಗ್ ಇಲ್ಲ, ಅಲ್ಯುಮಿನಿಯಮ್ಮೇ ಬೇರಿಂಗು. ಹಾಗಾಗಿ ಎಣ್ಣೆ ಒಣಗಿದರೆ ಅದೇ ಮೊದಲ ಬಲಿ. ಆಸಿಡ್ ಸವರಿ ಬಿಡಿಸಿದೆ. ಲೇತಿನವನು ಕ್ರ್ಯಾಂಕಿನ ಪಿನ್ನನ್ನು ಹತ್ತು ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಸವರಿ ಕೊಟ್ಟ, ಅದಕ್ಕೆ ಹೊಂದುವ ಅಂಡರ್‌ಸೈಜ್ ರಾಡು ತರಿಸಿದೆ. ಸಿಲಿಂಡರ್ ಬೋರು ಹಿಗ್ಗಿಸಿ ಹೊಸ ಪಿಸ್ಟನ್ನು, ರಿಂಗು. ಕಾರ್ಬ್ಯುರೇಟರಿನ ಕತೆ ಬೇಡ. ಒಟ್ಟು ಖರ್ಚು ಎಷ್ಟಾಯಿತೆಂದು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಕನ್ನಡ ಓದಬಲ್ಲವರಿದ್ದಾರೆ.

ಇಗ್ನಿಷನ್ ಪಾಯಿಂಟಿನ ಗ್ಯಾಪ್ ಇಪ್ಪತ್ತು ಥೌ ಇಟ್ಟು ಸ್ಟಾರ್ಟ್ ಕೊಟ್ಟೆ. ಒಮ್ಮೆ ಕೆಮ್ಮಿತು, ನೀಲಿ ಹೊಗೆ ಉಗುಳಿತು, ಆಮೇಲೆ ನಮ್ಮೂರ ಪಂಪ್‌ಸೆಟ್ಟಿನ ಹಾಗೆ ಟುಕ್ ಟುಕ್ ಶುರುಮಾಡಿತು. ಊರಲ್ಲಿ ಬೆಳಗಾಗಲಿ ಎಂದು ಕಾದು ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

"ಗದ್ದೆ ಎಷ್ಟಿದೆ?" ಎಂದರು.

"ಗದ್ದೆ ಇಲ್ಲಪ್ಪ, ಹುಲ್ಲು ಕೊಯ್ಯೋಕೆ."

"ಓ. ದನ ಎಷ್ಟು ಕಟ್ಟಿದ್ದೀ?"

ಇದಕ್ಕೆ ಉತ್ತರ ಕೊಡುವ ವಿದ್ಯೆ ನಾನು ಇನ್ನೂ ಕಲಿತಿಲ್ಲ. ಹೆಂಡತಿ ಮಾತ್ರ ಮರುದಿನ ಒಂದು ಸುತ್ತು ಬಂದು ನೋಡಿ ಕೇಳಿದಳು, "ಹುಲ್ಲು ಕತ್ತರಿಸೋ ಬ್ಲೇಡ್ ಎಲ್ಲಿ?" ಆಗಲೇ ನನಗೂ ಹೊಳೆದದ್ದು. ಗಾಡಿಯ ಹೊಟ್ಟೆಯಡಿ ತೂಗಬೇಕಾದ, ಬ್ಲೇಡು ಕೂರುವ ಡೆಕ್ ಇಲ್ಲವೇ ಇಲ್ಲ. ಹಿತ್ತಿಲಲ್ಲಿ ಹುಲ್ಲು ಮೊಣಕಾಲು ಮುಟ್ಟಿದೆ, ಪಕ್ಕದ ಮನೆಯವರು ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾರೆ.

ಆದ್ದರಿಂದ ಮಾನ್ಯರೇ, ಮೇಲಿನದ್ದೆಲ್ಲ ಹಾಗೇ ಇರಲಿ. ಇದೊಂದು ಸಾಲನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಿ ನಿಮ್ಮ ಟಪಾಲು ಪೆಟ್ಟಿಗೆಗೆ ಹಾಕಿಸುತ್ತಿದ್ದೇನೆ: ಕೊಟ್ಟಿಗೆಯ ಮೂಲೆಯಲ್ಲಿ, ಕೋಳಿಗಳು ಕೂತಿದ್ದ ಆ ಹಳದಿ ತಗಡು ಏನು, ಮತ್ತು ಅದಕ್ಕೆ ಎಷ್ಟು?