ಪನಸೋದರ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಬಾಯಿ ತೆರೆಯಬಾರದು. ಇಲ್ಲಿ ವಿಷಯ ಹಲಸಿನ ಹಣ್ಣು, ಪ್ರಯೋಜನ ಉದರಶುದ್ಧಿ, ಅಧಿಕಾರಿ ಹಸಿದವನು, ಸಂಬಂಧವು ಹಣ್ಣಿಗೂ ಕೈಗೂ ಮೇಣದಿಂದ ಏರ್ಪಡತಕ್ಕದ್ದು, ಕೊಬ್ಬರಿ ಎಣ್ಣೆಯಿಂದಲ್ಲದೆ ಬಿಡತಕ್ಕದ್ದಲ್ಲ.

‘ಹಸಿದು ಹಲಸು, ಉಂಡು ಮಾವು’ ಎಂಬುದು ಪ್ರಮಾಣವಾಕ್ಯ. ಹಸಿದಾಗ ಮಾತ್ರ ತಿನ್ನಬೇಕೆಂಬ ನಿಯಮವಿಧಿಯಿದು ಎಂದು ಒಂದು ಪಂಥ. ಹಣ್ಣು ಬಿಡಿಸುವ ಪರಿಮಳಕ್ಕೆ ಉಂಡವನಿಗೂ ಮತ್ತೆ ಹಸಿವಾಗುವುದರಿಂದ ಅವನೂ ಅಧಿಕಾರಿಯೇ ಎಂದು ಇನ್ನೊಂದು. ಪ್ರಸ್ತುತ ಭಾಷ್ಯಕಾರನು ಎರಡನೆಯ ಪಂಥದವನು. ವಾದ ನೋಡಿ ಸೇರಿದ್ದಲ್ಲ, ಪರಿಮಳ ಹಿಡಿದು ಹೋದದ್ದು.

ಪೂರ್ವಪಕ್ಷ ಹೀಗಿದೆ: ಹಲಸಿನಲ್ಲಿ ನಾರುಂಟು, ನಾರು ಮಲಬದ್ಧತೆಗೆ ಮದ್ದು, ಆದಕಾರಣ ತಿಂದಷ್ಟೂ ಲಾಭ. ಇದು ವಾಟ್ಸಾಪ್ ಸಂಪ್ರದಾಯದವರ ಮತ. ಖಂಡನೆ: 100 ಗ್ರಾಂ ತೊಳೆಯಲ್ಲಿರುವ ನಾರು ಸುಮಾರು ಒಂದೂವರೆ ಗ್ರಾಂ, ಬಡ ಪೇರಲೆಯಲ್ಲಿ ಐದಕ್ಕೂ ಮೇಲೆ. ಹಾಗಾದರೆ ಹಲಸಿಗೆ ಈ ಕೀರ್ತಿ ಎಲ್ಲಿಂದ ಬಂತು? ಗಾತ್ರದಿಂದ. ಮರದಲ್ಲಿ ಬಿಡುವ ಹಣ್ಣುಗಳಲ್ಲೆಲ್ಲ ಇದೇ ದೊಡ್ಡದು, 30 ಕಿಲೋ ದಾಟುವುದೂ ಉಂಟು. ಪೇರಲೆಯನ್ನು ಒಂದು ತಿಂದು ಜನ ಎದ್ದು ಹೋಗುತ್ತಾರೆ. ಹಲಸಿನ ಸುತ್ತ ಕೂತವರಲ್ಲಿ ಮೊದಲು ಏಳುವವನು ಯಾರು? ಬಕ್ಕೆಯಾದರೆ ಅಗಿದು ಅಗಿದು ದವಡೆಯಾದರೂ ಸೋತೀತು. ಕರಾವಳಿಯವರು ತುಳುವ ಎನ್ನುವ ಮೆತ್ತನೆಯದು ಹಲ್ಲಿಗೆ ತಿಳಿಸದೆಯೇ ಗಂಟಲು ದಾಟುತ್ತದೆ. ಅದು ಲೆಕ್ಕಕ್ಕೆ ಸಿಗುವ ದ್ರವ್ಯವಲ್ಲ.

ಈಗ ಹಲಸಿನ ಬೇಳೆಯ ಅಧಿಕರಣ. ಹಸಿ ಬೇಳೆಯಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವಿದೆ; ಬೇಯಿಸಿದರೆ ಅದರ ಆಟ ಮುಗಿಯಿತು. ಆದರೆ ಬೆಂದ ಬೇಳೆಯಲ್ಲೂ ಒಂದಷ್ಟು ಪಿಷ್ಟ ಸಣ್ಣ ಕರುಳಿಗೆ ಸೊಪ್ಪು ಹಾಕದೆ ದೊಡ್ಡ ಕರುಳು ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಉಣ್ಣುತ್ತವೆ, ಉಂಡ ಮೇಲೆ ವಾಯು ಬಿಡುತ್ತವೆ. ಆಹಾರತಜ್ಞರು ಇದನ್ನು ಪ್ರಿಬಯಾಟಿಕ್ ಎಂದು ಕೊಂಡಾಡಿದರು. ಮನೆಮಂದಿ ಕಿಟಕಿ ತೆರೆದರು. ಹೊಗೆ ಕಂಡು ಬೆಂಕಿ ಊಹಿಸುವ ತಾರ್ಕಿಕನಂತೆ ಸದ್ದು ಕೇಳಿ ಬೇಳೆಯನ್ನು ಊಹಿಸಬಹುದೆ? ಕೂಡದು. ಪಂಕ್ತಿಯಲ್ಲಿ ಗೆಣಸು ತಿಂದವನೊಬ್ಬ ಇದ್ದರೂ ಹೇತು ಕೆಡುತ್ತದೆ. (ಅಂಥವನು ಯಾವಾಗಲೂ ಇರುತ್ತಾನೆ, ಮತ್ತು ಹಲಸಿನ ಕಡೆಗೇ ಬೆರಳು ತೋರಿಸುತ್ತಾನೆ.)

ಕೊನೆಗೆ ಚಿಕಿತ್ಸೆ. ಹಲಸು ಅರಗಲು ಬಾಳೆಹಣ್ಣು, ಬಾಳೆ ಅರಗಲು ತುಪ್ಪ, ತುಪ್ಪ ಅರಗಲು ನಿಂಬೆಯ ರಸ ಎಂದು ಹಿಂದಿನವರು ವಿಧಿಸಿದ್ದಾರೆ. ಹೊಟ್ಟೆ ಭಾರವೆಂದು ಮದ್ದಿಗೆ ಹೊರಟವನು ಹೀಗೆ ಇನ್ನೊಂದು ಊಟ ಮುಗಿಸುತ್ತಾನೆ. ತರ್ಕದಲ್ಲಿ ಇದಕ್ಕೆ ಅನವಸ್ಥಾ ದೋಷವೆಂದು ಹೆಸರು. ದೋಷವೇ ಇಷ್ಟು ರುಚಿಯಾಗಿರುವಾಗ ಪರಿಹರಿಸುವ ಉತ್ಸಾಹ ಯಾರಿಗಿದೆ? ನಿಂಬೆಯಿಂದ ಬಾಯಿ ಹುಳಿಯಾಯಿತು, ನಂಜಿಕೊಳ್ಳಲು ಏನಾದರೂ ಕೊಡಿ ಎಂದು ಕೇಳಿ, ಒಳಗಿನಿಂದ ಹಲಸಿನ ಹಪ್ಪಳ ಬಂದರೆ ಮಾತ್ರ ಅದು ಚಕ್ರಕ ದೋಷ. ಆಗ ಕೈಗೆ ಮತ್ತೆ ಎಣ್ಣೆ ಸವರಿಕೊಂಡು ಮೊದಲನೆಯ ಸೂತ್ರದಿಂದ ಓದತಕ್ಕದ್ದು.